ಜರ್ಮನ್ ಕಲಿಯುವವರಿಗೆ: ಕ್ಲಾಸಿನ ಆಚೆ ಬಾಯಿ ಪಳಗಿಸಲು ಯಾವ ದಾರಿ?

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರು, ಎಂಜಿನಿಯರಿಂಗ್ ಆದಮೇಲೆ ಅಲ್ಲಿ ಎಂ.ಎಸ್. ಓದಲು ಹೋಗುವವರು, ಅಲ್ಲಿ ಕೆಲಸದಲ್ಲಿರುವ ಗಂಡನನ್ನು ಸೇರಿಕೊಳ್ಳಲು ಎ1 (ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳಲ್ಲಿ ಮೊದಲನೆಯದು) ಪರೀಕ್ಷೆಗೆ ಓದುತ್ತಿರುವವರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಕ್ಲಾಸಿಗೆ ಹೋಗ್ತಿದ್ದೀನಿ, ವ್ಯಾಕರಣ ಅರ್ಥ ಆಗುತ್ತೆ, ಆದರೆ ಮಾತು ಬಾಯಿಗೆ ಬರ್ತಿಲ್ಲ. ಯಾವ ಆಪ್ ಹಾಕ್ಕೊಳ್ಳಲಿ?" ಕೆಲವರ ಫೋನಿನಲ್ಲಿ ಆಗಲೇ ನಾಲ್ಕೈದು ಆಪ್ ಇರುತ್ತವೆ. ಟ್ಯೂಟರ್ ಹಿಡಿಯೋಣವಾ, ಎಐ ಜೊತೆ ಮಾತಾಡೋಣವಾ, ಯೂಟ್ಯೂಬ್ ನೋಡಿದರೆ ಸಾಕಾ ಎಂದು ದಿನಕ್ಕೊಂದು ಯೋಚನೆ.

ಬಾಯಿಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಮೂರು ತಾಸಿನ ಕ್ಲಾಸು, ಹದಿನೆಂಟು ಜನ ಎಂದಿಟ್ಟುಕೊಳ್ಳಿ. ಅರ್ಧ ಸಮಯ ಟೀಚರ್ ಪಾಠಕ್ಕೆ ಹೋಯಿತು. ಉಳಿದ 90 ನಿಮಿಷವನ್ನು ಹದಿನೆಂಟು ಜನ ಹಂಚಿಕೊಂಡರೆ ಒಬ್ಬರಿಗೆ ಐದು ನಿಮಿಷ. ಅದೂ ಎಲ್ಲರೂ ಸರದಿಯಲ್ಲಿ ಮಾತಾಡಿದರೆ. ನಾಚಿಕೆಯವರಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಇದು ಟೀಚರ್ ತಪ್ಪಲ್ಲ, ಕ್ಲಾಸು ಅಂದರೆ ಹಾಗೇ ಇರುತ್ತದೆ. ಆದರೆ ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗ್ಯೋಥೆ ಸಂಸ್ಥೆಯ ಬಿ1 ಪರೀಕ್ಷೆಯ ಮಾತಿನ ಭಾಗದಲ್ಲಿ ಇಬ್ಬರು ಅಭ್ಯರ್ಥಿಗಳು ಸೇರಿ ಸುಮಾರು 15 ನಿಮಿಷ ಮಾತಾಡಬೇಕು. ಒಟ್ಟಿಗೆ ಏನಾದರೂ ಯೋಜನೆ ಹಾಕಬೇಕು, ಒಂದು ವಿಷಯದ ಬಗ್ಗೆ ಚಿಕ್ಕ ಭಾಷಣ ಮಾಡಬೇಕು, ಇನ್ನೊಬ್ಬರ ಭಾಷಣಕ್ಕೆ ಪ್ರಶ್ನೆ ಕೇಳಬೇಕು. ವಾರಕ್ಕೆ ಹತ್ತು ನಿಮಿಷ ಮಾತಾಡಿದವರಿಗೆ ಇದು ಸುಲಭವಲ್ಲ.

ಕ್ಲಾಸು ಬಿಡಿ ಅಂತ ನಾನು ಹೇಳುವುದಿಲ್ಲ. ಕ್ಲಾಸಿನ ಆಚೆಗಿನ ಸಮಯವನ್ನು ಫೋನಿನಿಂದ ಹೇಗೆ ಹೆಚ್ಚಿಸಿಕೊಳ್ಳಬಹುದು, ಅದಕ್ಕೆ ಯಾವ ದಾರಿ ಯಾರಿಗೆ ಹೊಂದುತ್ತದೆ ಅನ್ನುವುದಷ್ಟೇ ಇಲ್ಲಿಯ ಮಾತು.

ಯಾವುದರಿಂದ ಅಳೆಯೋಣ?

ಆಪ್‌ಗಳನ್ನು ಹೋಲಿಸುವಾಗ ಜನ ಎಷ್ಟು ಪಾಠ ಇವೆ, ರೇಟಿಂಗ್ ಎಷ್ಟಿದೆ, ನೋಡಲು ಚೆನ್ನಾಗಿದೆಯಾ ಎಂದು ನೋಡುತ್ತಾರೆ. ನಾನು ಬೇರೆ ಅಳತೆ ಹಿಡಿಯುತ್ತೇನೆ.

ಮೊದಲನೆಯದು ಬಾಯಿ ಬಿಟ್ಟ ನಿಮಿಷ. ಅರ್ಧ ತಾಸು ಆ ಸಾಧನದ ಜೊತೆ ಕೂತರೆ, ಅದರಲ್ಲಿ ನೀವೇ ಜರ್ಮನ್ ವಾಕ್ಯ ಕಟ್ಟಿ ಗಟ್ಟಿಯಾಗಿ ಹೇಳಿದ್ದು ಎಷ್ಟು ನಿಮಿಷ? ಬಟನ್ ಒತ್ತಿದ್ದು, ಕೇಳಿದ್ದು, ತಲೆಯಾಡಿಸಿದ್ದು ಬೇರೆ ಲೆಕ್ಕ.

ಎರಡನೆಯದು ತಪ್ಪನ್ನು ಹಿಡಿಯುವವರು ಯಾರು ಅನ್ನುವುದು. ಕನ್ನಡದವರಿಗೆ ಕೆಲವು ತಪ್ಪು ಸಾಮಾನ್ಯ. ಚುಕ್ಕಿ ಹಾಕಿದ ಓ ಮತ್ತು ಉ ಸ್ವರಗಳು (ö, ü) ನಮ್ಮಲ್ಲಿಲ್ಲ. ಬಾಯಿಯನ್ನು 'ಓ' ಅನ್ನುವ ಹಾಗೆ ದುಂಡಗೆ ಮಾಡಿ ಒಳಗೆ 'ಏ' ಅನ್ನಬೇಕು, 'ಊ' ಅನ್ನುವ ಹಾಗೆ ಮಾಡಿ 'ಈ' ಅನ್ನಬೇಕು. ವಸ್ತುಗಳೆಲ್ಲ ನಮಗೆ ನಪುಂಸಕ ಲಿಂಗ. ಅಲ್ಲಿ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಡೆರ್ ಟಿಶ್, ಡೀ ಲಾಂಪೆ, ಡಾಸ್ ಬೂಖ್ ಎಂದು ಒಂದೊಂದನ್ನೂ ನೆನಪಿಡಬೇಕು. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು, ನಾವು ಕೊನೆಗೆ ತಳ್ಳುತ್ತೇವೆ. ಹಾಗಂತ ನಮಗೆ ಅನುಕೂಲವೇ ಇಲ್ಲ ಎಂದಲ್ಲ. 'ವೈಲ್' ಎಂದು ಕಾರಣ ಹೇಳುವ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ: ವೈಲ್ ಇಶ್ ಹೊಯ್ಟೆ ನಾಖ್ಟ್‌ಶಿಶ್ಟ್ ಹಾಬೆ. 'ಇವತ್ತು ನನಗೆ ರಾತ್ರಿ ಡ್ಯೂಟಿ ಇರುವುದರಿಂದ' ಅನ್ನುವಾಗಲೂ ಇರುವುದು ಕೊನೆಗೇ ಅಲ್ವಾ? ಇಂಗ್ಲಿಷಿನವರು ಒದ್ದಾಡುವ ಜಾಗದಲ್ಲಿ ನಾವು ಸಲೀಸಾಗಿ ನಡೆಯಬಹುದು. ಆದರೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಯಾರಾದರೂ ಹೇಳಬೇಕು. ಹೇಳುವವರಿಲ್ಲದೆ ಅಭ್ಯಾಸ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ.

ಮೂರನೆಯದು, ನಿಮ್ಮ ದಿನದ ಯಾವ ಹೊತ್ತಿಗೆ ಅದು ಹೊಂದುತ್ತದೆ. ಬಸ್ಸಿನಲ್ಲಿ ನಿಂತು ಗಟ್ಟಿಯಾಗಿ ಮಾತಾಡಲಾಗದು. ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಮಾತಾಡಿದರೆ ಪಕ್ಕದವರು ಏಳುತ್ತಾರೆ. ಇದನ್ನು ಯೋಚಿಸದೆ ಹಣ ಕಟ್ಟಿದವರು ಬಹಳ ಜನ.

ಹಣ, ಡೇಟಾ ಇದ್ದೇ ಇದೆ. ಕೊನೆಗೆ ಇನ್ನೊಂದು, ಇದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ: ಎರಡು ತಿಂಗಳ ನಂತರವೂ ನೀವು ಅದನ್ನು ಬಳಸುತ್ತಿರುತ್ತೀರಾ? ನಿಮಗಾಗಿ ಒಬ್ಬ ಮನುಷ್ಯ ಕಾಯುತ್ತಿದ್ದರೆ ಬಿಡುವುದು ಕಷ್ಟ. ಆಪ್ ಕಾಯುವುದಿಲ್ಲ.

ಆಟದ ಹಾಗಿರುವ ಆಪ್‌ಗಳು

ಡುಯೊಲಿಂಗೊದಂಥವು. ಉಚಿತವಾಗಿ ಶುರು ಮಾಡಬಹುದು, ಜಾಹೀರಾತು ನೋಡಬೇಕು, ಬೇಡವಾದರೆ ಹಣ ಕಟ್ಟಬೇಕು. ಇಂಗ್ಲಿಷ್ ಮೂಲಕ ಜರ್ಮನ್ ಕಲಿಯಬಹುದು. ದಿನಾ ಐದು ನಿಮಿಷ ಜರ್ಮನ್ ಮುಟ್ಟುವ ಅಭ್ಯಾಸ ಬರಲು ಇವು ಚೆನ್ನಾಗಿವೆ. ಬಸ್ಸಿನಲ್ಲಿ, ಕ್ಯೂನಲ್ಲಿ, ಊಟದ ಬಿಡುವಿನಲ್ಲಿ ಆಗುತ್ತದೆ.

ಬಾಯಿ ಬಿಟ್ಟ ನಿಮಿಷದ ಅಳತೆಯಲ್ಲಿ ಮಾತ್ರ ಇವು ಹಿಂದೆ ಬೀಳುತ್ತವೆ. ಕೊಟ್ಟ ಪದಗಳನ್ನು ಜೋಡಿಸುವುದು, ಕೊಟ್ಟ ವಾಕ್ಯವನ್ನು ಓದಿ ಹೇಳುವುದು ಜಾಸ್ತಿ. ನಿಮ್ಮ ಮನಸ್ಸಿನಲ್ಲಿರುವ ಮಾತನ್ನು ಹೇಳುವುದು ಕಡಿಮೆ. ಎ1 ಶುರುವಿಗೆ ಸರಿ. ಬಿ1 ಮಾತಿನ ಪರೀಕ್ಷೆಗೆ ಇದೊಂದನ್ನೇ ನಂಬಬೇಡಿ. ಹಣ ಕಟ್ಟುವ ಆವೃತ್ತಿ ಬೇಕಾ ಎಂದು ಕೇಳಿದರೆ, ಆ ಹಣವನ್ನು ಮುಂದೆ ಹೇಳುವ ಟ್ಯೂಟರ್‌ಗೆ ಇಡಿ ಅನ್ನುತ್ತೇನೆ.

ಆಂಕಿ ಕಾರ್ಡುಗಳು

ಆಂಕಿ ಒಂದು ಸರಳ ಸಾಧನ. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ನೆನಪಾದ ಕಾರ್ಡು ಮತ್ತೆ ಬರುವುದು ತಡವಾಗುತ್ತಾ ಹೋಗುತ್ತದೆ, ಮರೆತದ್ದು ಬೇಗ ವಾಪಸ್ ಬರುತ್ತದೆ. ಕಂಪ್ಯೂಟರ್‌ನಲ್ಲಿ ಉಚಿತ, ಆಂಡ್ರಾಯ್ಡ್ ಫೋನಿನಲ್ಲಿ ಆಂಕಿಡ್ರಾಯ್ಡ್ ಹೆಸರಿನಲ್ಲಿ ಉಚಿತ, ಐಫೋನ್ ಆಪ್‌ಗೆ ಮಾತ್ರ ಒಂದು ಸಲ ಹಣ ಕೊಡಬೇಕು. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳ ಗಂಟನ್ನು ಇಳಿಸಿಕೊಂಡು ಕೂರುವುದು ಬೇಡ. ನಿಮ್ಮ ಕ್ಲಾಸಿನಲ್ಲಿ ಬಂದ, ನಿಮಗೆ ಬೇಕಾದ ವಾಕ್ಯಗಳನ್ನೇ ಹಾಕಿ. ಮುಂದಿನ ಮುಖದಲ್ಲಿ ಕನ್ನಡ, ಹಿಂದೆ ಜರ್ಮನ್. 'ನಿಮಗೆ ನೋವಿದೆಯಾ?' ಎಂದು ಕಂಡರೆ, ತಿರುಗಿಸುವ ಮೊದಲು 'ಹಾಬನ್ ಜೀ ಶ್ಮೆರ್ಟ್ಸನ್?' ಎಂದು ಬಾಯಿಬಿಟ್ಟು ಹೇಳಬೇಕು. ನಾಮಪದ ಹಾಕುವಾಗ ಡೆರ್, ಡೀ, ಡಾಸ್ ಬಿಟ್ಟು ಹಾಕಬೇಡಿ, ಬಹುವಚನವನ್ನೂ ಬರೆಯಿರಿ. ಹೀಗೆ ಮಾಡಿದರೆ ಕಾರ್ಡು ಕೂಡ ಮಾತಿನ ಅಭ್ಯಾಸವಾಗುತ್ತದೆ. ಆದರೂ ಸಂಭಾಷಣೆ ಇದರಿಂದ ಬರುವುದಿಲ್ಲ. ಸಂಭಾಷಣೆಗೆ ಬೇಕಾದ ಸಾಮಾನು ಇಲ್ಲಿ ಸಿಗುತ್ತದೆ, ಅಷ್ಟೇ.

ವಿಡಿಯೊ, ರೇಡಿಯೊ, ಉಚಿತ ಕೋರ್ಸುಗಳು

ಈ ವಿಷಯದಲ್ಲಿ ಜರ್ಮನ್ ಕಲಿಯುವವರು ಅದೃಷ್ಟವಂತರು. ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ 'ನಿಕೋಸ್ ವೇಗ್' ಎಂಬ ಕೋರ್ಸನ್ನು ಪೂರ್ತಿ ಉಚಿತವಾಗಿ ಕೊಡುತ್ತದೆ. ನಿಕೊ ಎಂಬ ಸ್ಪೇನಿನ ಯುವಕ ಜರ್ಮನಿಗೆ ಬಂದಿಳಿಯುವ ಕತೆ, ಚಿಕ್ಕ ಚಿಕ್ಕ ವಿಡಿಯೊ, ಪ್ರತಿ ವಿಡಿಯೊಗೂ ಅಭ್ಯಾಸ ಪಾಠ. ಎ1ರಿಂದ ಬಿ1 ತನಕ ಇದೆ. ಜರ್ಮನಿಯ ವಯಸ್ಕರ ಶಿಕ್ಷಣ ಸಂಸ್ಥೆಗಳ 'ಫೌ-ಹಾ-ಎಸ್ ಲೆರ್ನ್‌ಪೋರ್ಟಾಲ್' ಕೂಡ ಉಚಿತ. ಯೂಟ್ಯೂಬಿನಲ್ಲಿ 'ಈಸಿ ಜರ್ಮನ್' ಚಾನೆಲ್‌ನವರು ಬೀದಿಯಲ್ಲಿ ಜನರನ್ನು ಮಾತಾಡಿಸುತ್ತಾರೆ, ಕೆಳಗೆ ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಬರಹ ಇರುತ್ತದೆ. ಪುಸ್ತಕದ ಜರ್ಮನ್‌ಗೂ ಬೀದಿಯ ಜರ್ಮನ್‌ಗೂ ಇರುವ ದೂರ ಅಲ್ಲಿ ಗೊತ್ತಾಗುತ್ತದೆ. ಡಾಯ್ಚೆ ವೆಲ್ಲೆಯ ನಿಧಾನ ಸುದ್ದಿಯನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಆದರೆ ಅದು ನಿಧಾನವೇ ಹೊರತು ಸುಲಭವಲ್ಲ. ಬಿ1 ದಾಟಿದವರಿಗೆ ಇರಲಿ.

ಇವೆಲ್ಲ ಕಿವಿಗೆ ಒಳ್ಳೆಯವು. ಬಾಯಿಗೆ? ನೀವು ಸುಮ್ನೆ ನೋಡುತ್ತಾ ಕೂತರೆ ಸೊನ್ನೆ. ಒಂದು ಉಪಾಯ ಇದೆ. ಒಂದು ನಿಮಿಷದ ತುಣುಕು ಆರಿಸಿ. ವೇಗವನ್ನು 0.75ಕ್ಕೆ ಇಳಿಸಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಿ. ಆಮೇಲೆ ನಿಲ್ಲಿಸದೆ, ಅವರ ಮಾತಿನ ಬೆನ್ನಿಗೇ ಹೇಳುತ್ತಾ ಹೋಗಿ. ಅದೇ ತುಣುಕನ್ನು ಎರಡು ಮೂರು ದಿನ ಮಾಡಿ. ಹತ್ತು ವಿಡಿಯೊ ನೋಡುವುದಕ್ಕಿಂತ ಒಂದನ್ನು ಹೀಗೆ ಅರೆದು ಕುಡಿಯುವುದು ಮೇಲು.

ಸಂಖ್ಯೆಗಳಿಗಂತೂ ಇದು ಬೇಕೇ ಬೇಕು. ನಾವು ಇಪ್ಪತ್ತೊಂದು ಅನ್ನುತ್ತೇವೆ, ಅವರು 'ಐನ್-ಉಂಟ್-ಟ್ಸ್ವಾನ್‌ಟ್ಸಿಶ್', ಒಂದು ಮತ್ತು ಇಪ್ಪತ್ತು. ಫೋನ್ ನಂಬರ್, ರೈಲಿನ ಸಮಯ, ಔಷಧಿಯ ಪ್ರಮಾಣ ಹೇಳಿದಾಗ ಕೈ ತಪ್ಪು ಅಂಕಿ ಬರೆಯುತ್ತದೆ. ಗ್ಯೋಥೆ ಸಂಸ್ಥೆಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಆಡಿಯೊ ಸಮೇತ ಉಚಿತವಾಗಿ ಸಿಗುತ್ತವೆ. ಆಲಿಸುವ ಭಾಗಕ್ಕೆ ಅದಕ್ಕಿಂತ ಹತ್ತಿರದ ಅಭ್ಯಾಸ ಬೇರೆ ಇಲ್ಲ.

ಫೋನಿನ ಮೈಕು

ಇದನ್ನು ಯಾರೂ ಆಯ್ಕೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊಸ ಆಪ್ ಬೇಕಿಲ್ಲವಲ್ಲ. ಫೋನಿನ ಕೀಬೋರ್ಡ್‌ಗೆ ಜರ್ಮನ್ ಭಾಷೆ ಸೇರಿಸಿ. ಮೈಕು ಒತ್ತಿ ಜರ್ಮನ್ ಮಾತಾಡಿ. ಅದು ಏನು ಬರೆಯುತ್ತದೆ ನೋಡಿ. 'ಚೆಂದ' ಅನ್ನುವುದಕ್ಕೆ ಜರ್ಮನ್ ಪದ schön, ಅದನ್ನು ಹೇಳಲು ಬಾಯಿ ದುಂಡಗೆ ಮಾಡಿ 'ಏ' ಎಳೆಯಬೇಕು. ನೀವು ಸಾದಾ 'ಶೋನ್' ಅಂದರೆ ಅದು 'ಆಗಲೇ' ಅನ್ನುವ ಬೇರೆ ಪದ ಬರೆಯುತ್ತದೆ. ಮತ್ತೆ ಹೇಳಿ. ಮತ್ತೆ ಅದೇ ಬಂದರೆ ತುಟಿ ಇನ್ನಷ್ಟು ಮುಂದೆ ತನ್ನಿ. ಅಕ್ಷರದ ಮೇಲೆ ಎರಡು ಚುಕ್ಕಿ ಬಿದ್ದ ಕ್ಷಣ ನಿಮಗೇ ಗೊತ್ತಾಗುತ್ತದೆ, ಸರಿಯಾಯಿತು ಎಂದು.

ಒಂದು ಎಚ್ಚರಿಕೆ. ಪೂರ್ತಿ ವಾಕ್ಯ ಹೇಳಿದರೆ ಫೋನು ಸಂದರ್ಭ ನೋಡಿ ಊಹಿಸಿಬಿಡುತ್ತದೆ, ತಪ್ಪಾಗಿ ಉಚ್ಚರಿಸಿದರೂ ಸರಿಯಾಗಿ ಬರೆಯಬಹುದು. ಅದಕ್ಕೇ ಉಚ್ಚಾರಣೆ ಪರೀಕ್ಷಿಸಲು ಒಂಟಿ ಪದಗಳನ್ನು ಹೇಳಿ. ವಾಕ್ಯಗಳಿಗೆ ಧ್ವನಿ ರೆಕಾರ್ಡರ್ ಬಳಸಿ: ಒಂದು ನಿಮಿಷ ಮಾತಾಡಿ, ಕೇಳಿ, ತಡವರಿಸಿದ ಜಾಗ ಗುರುತು ಮಾಡಿ, ಮತ್ತೆ ಒಂದು ನಿಮಿಷ ಮಾತಾಡಿ. ವ್ಯಾಕರಣದ ತಪ್ಪು ಹಿಡಿಯಲು ಇದರಿಂದ ಆಗುವುದಿಲ್ಲ. ಆದರೆ ಖರ್ಚಿಲ್ಲ, ಕೂತಷ್ಟು ಹೊತ್ತೂ ಬಾಯಿಗೆ ಕೆಲಸ.

ಎಐ ಜೊತೆ ಮಾತು

ಚಾಟ್‌ಜಿಪಿಟಿ, ಜೆಮಿನಿಯಂಥವುಗಳ ಜೊತೆ ಈಗ ಧ್ವನಿಯಲ್ಲೇ ಜರ್ಮನ್ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ ಸಿಗುತ್ತದೆ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರವಿಲ್ಲ. ಬೇರೆಯವರ ಎದುರು ತಪ್ಪಾಗುತ್ತದೆ ಎಂದು ಹೆದರುವವರಿಗೆ ಇದು ನಿಜವಾಗಿಯೂ ದೊಡ್ಡ ಉಪಕಾರ. ಕ್ಲಾಸಿನಲ್ಲಿ ಬಾಯೇ ಬಿಡದವರು ಇಲ್ಲಿ ಹತ್ತು ನಿಮಿಷ ಮಾತಾಡುತ್ತಾರೆ.

ತೊಂದರೆ ಎಲ್ಲಿ ಅಂದರೆ, ಅದು ಮನೆಗೆ ಊಟಕ್ಕೆ ಬಂದ ನೆಂಟರ ಹಾಗೆ. ಸಾರಿಗೆ ಉಪ್ಪು ಕಡಿಮೆಯಾದರೂ ಚೆನ್ನಾಗಿದೆ ಅನ್ನುತ್ತದೆ. ನೀವು ಡೆರ್ ಬದಲು ಡಾಸ್ ಅಂದರೂ ಅರ್ಥ ಮಾಡಿಕೊಂಡು ಮುಂದಕ್ಕೆ ಹೋಗುತ್ತದೆ. ನಿಮ್ಮ ಉಚ್ಚಾರಣೆ ಜರ್ಮನ್ ಅಜ್ಜಿಯೊಬ್ಬರಿಗೆ ಅರ್ಥವಾಗದಿದ್ದರೂ ಇದಕ್ಕೆ ಅರ್ಥವಾಗಬಹುದು. ಇನ್ನೊಂದು, ಅದೇ ಜಾಸ್ತಿ ಮಾತಾಡುತ್ತದೆ. ನೀವು ಒಂದು ವಾಕ್ಯ ಹೇಳಿದರೆ ಅದು ಆರು ಹೇಳುತ್ತದೆ, ಆಗ ಅಭ್ಯಾಸ ಮತ್ತೆ ಕಿವಿಗೇ ಹೋಯಿತು.

ಅದಕ್ಕೆ ಶುರುವಿನಲ್ಲೇ ಷರತ್ತು ಹಾಕಬೇಕು. ಕನ್ನಡದಲ್ಲೇ ಹೇಳಬಹುದು, ಅರ್ಥವಾಗುತ್ತದೆ: "ನನ್ನ ಜರ್ಮನ್ ಎ2 ಮಟ್ಟದ್ದು. ನೀನು ಒಂದು ಸಲಕ್ಕೆ ಒಂದೇ ಚಿಕ್ಕ ವಾಕ್ಯ ಹೇಳು, ಒಂದೇ ಪ್ರಶ್ನೆ ಕೇಳು. ನಾನು ಲಿಂಗದಲ್ಲಿ, ವಿಭಕ್ತಿಯಲ್ಲಿ, ಕ್ರಿಯಾಪದದ ಜಾಗದಲ್ಲಿ ತಪ್ಪಿದರೆ ಮುಂದೆ ಹೋಗುವ ಮೊದಲು ನಿಲ್ಲಿಸಿ ಸರಿಯಾದ ವಾಕ್ಯ ಹೇಳು, ನನ್ನಿಂದ ಮತ್ತೆ ಹೇಳಿಸು. ಹೊಗಳಬೇಡ." ಹೀಗೆ ಹೇಳಿದಾಗ ಅದರ ನಡತೆಯೇ ಬದಲಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಳೆಯ ಚಾಳಿಗೆ ಬಂದರೆ ಇನ್ನೊಮ್ಮೆ ನೆನಪಿಸಿ. ನರ್ಸ್‌ಗಳು 'ನೀನು ಮೊಣಕಾಲು ಆಪರೇಷನ್ ಆದ ರೋಗಿ, ನಾನು ಬೆಳಗಿನ ಪಾಳಿಯ ನರ್ಸ್' ಎಂದು ಪಾತ್ರ ಕೊಟ್ಟು ಮಾತಾಡಬಹುದು. ಬಿ1ರವರು ಪರೀಕ್ಷೆಯ ಜೊತೆಗಾರನ ಪಾತ್ರ ಕೊಡಬಹುದು.

ವ್ಯಾಕರಣದ ವಿವರಣೆ ಕೇಳಿದಾಗ ಅದು ಕೆಲವೊಮ್ಮೆ ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ಅನುಮಾನ ಬಂದರೆ ಕ್ಲಾಸಿನ ಪುಸ್ತಕ ನೋಡಿ, ಟೀಚರ್‌ನ ಕೇಳಿ. ರೋಗಿಗಳ ನಿಜವಾದ ಹೆಸರು, ವಿವರ ಯಾವತ್ತೂ ಹೇಳಬೇಡಿ. ಉಚಿತ ಖಾತೆಯಲ್ಲಿ ಇಷ್ಟೇ ಅನ್ನುವ ಮಿತಿ ಇರುತ್ತದೆ, ಹತ್ತು ಹದಿನೈದು ನಿಮಿಷಕ್ಕೆ ಅದು ಸಾಕಾಗುತ್ತದಾ ಎಂದು ಮೊದಲು ನೋಡಿ, ಆಮೇಲೆ ಹಣದ ಯೋಚನೆ.

ಸಹಪಾಠಿ ಮತ್ತು ವಾಟ್ಸ್‌ಆಪ್

ನನ್ನನ್ನು ಒಂದೇ ದಾರಿ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಗೊತ್ತಿರುವ ಇಬ್ಬರು ನರ್ಸ್‌ಗಳು ಹೀಗೆ ಮಾಡುತ್ತಾರೆ. ಒಬ್ಬಳು ಮಂಗಳೂರಿನಲ್ಲಿ, ಇನ್ನೊಬ್ಬಳು ಶಿವಮೊಗ್ಗದಲ್ಲಿ. ಪಾಳಿ ಬೇರೆ ಬೇರೆ, ಇಬ್ಬರೂ ಒಟ್ಟಿಗೆ ಬಿಡುವಾಗಿರುವುದು ಅಪರೂಪ. ಅದಕ್ಕೆ ಕರೆ ಮಾಡುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. ಒಬ್ಬಳು ಡ್ಯೂಟಿ ಮುಗಿಸಿ ಮೆಟ್ಟಿಲ ಮೇಲೆ ಕೂತು ಅವತ್ತು ಏನು ಮಾಡಿದೆ ಎಂದು ಒಂದು ನಿಮಿಷ ಜರ್ಮನ್‌ನಲ್ಲಿ ಹೇಳುತ್ತಾಳೆ. ಇನ್ನೊಬ್ಬಳು ಎದ್ದಾಗ ಕೇಳಿ ಉತ್ತರ ಕೊಡುತ್ತಾಳೆ. ಅವರ ನಿಯಮ ಒಂದೇ: ಉತ್ತರದಲ್ಲಿ ಒಂದು ತಿದ್ದುಪಡಿ, ಒಂದು ಹೊಸ ಪ್ರಶ್ನೆ ಇರಲೇಬೇಕು. "ಲೇ, 'ಇಶ್ ಹಾಬೆ ಗೆಗಾಂಗನ್' ಅಲ್ಲ ಕಣೇ, 'ಇಶ್ ಬಿನ್ ಗೆಗಾಂಗನ್'. ಹೋಗೋದು ಬರೋದಕ್ಕೆಲ್ಲ 'ಬಿನ್' ಬರುತ್ತೆ. ಸರಿ, ಈಗ ಹೇಳು, ನಿನ್ನೆ ಊಟಕ್ಕೆ ಏನು ಮಾಡಿದ್ದೆ?" ತಿದ್ದುಪಡಿ ಕನ್ನಡದಲ್ಲಿ, ಪ್ರಶ್ನೆ ಆಮೇಲೆ ಜರ್ಮನ್‌ನಲ್ಲಿ.

ಇಲ್ಲಿ ಬಾಯಿ ಬಿಟ್ಟ ನಿಮಿಷ ಪೂರ್ತಿ ನಿಮ್ಮದು. ಕಳಿಸುವ ಮೊದಲು ಸರಿಯಿಲ್ಲ ಅನ್ನಿಸಿದರೆ ಅಳಿಸಿ ಮತ್ತೆ ಹೇಳುತ್ತೀರಿ, ಅದೂ ಅಭ್ಯಾಸವೇ. ಕಾಯುವ ಮನುಷ್ಯರೊಬ್ಬರು ಇದ್ದಾರೆ, ಹಾಗಾಗಿ ನಿಲ್ಲುವುದಿಲ್ಲ. ಡೇಟಾ ತೀರಾ ಕಡಿಮೆ. ಬಿ1ರಲ್ಲಿ ಇನ್ನೊಬ್ಬ ಕಲಿಯುವವರ ಜೊತೆಯೇ ಮಾತಾಡಬೇಕಾದ್ದರಿಂದ ಪರೀಕ್ಷೆಗೂ ಹತ್ತಿರ.

ಕೊರತೆ ಎಲ್ಲರಿಗೂ ಕಾಣುವಂಥದ್ದೇ. ಇಬ್ಬರಿಗೂ ಗೊತ್ತಿಲ್ಲದ ತಪ್ಪನ್ನು ಇಬ್ಬರೂ ಹಿಡಿಯಲಾರರು. ಅದಕ್ಕೆ ವಾರಕ್ಕೊಮ್ಮೆ ಒಂದು ಸಂದೇಶವನ್ನು ಟೀಚರ್‌ಗೆ ಕೇಳಿಸಿ. ಇಲ್ಲವೇ ಹೇಳಿದ್ದನ್ನು ಬರೆದು ಎಐಗೆ ಕೊಟ್ಟು ತಪ್ಪು ಗುರುತಿಸು ಅನ್ನಿ. ಧ್ವನಿಯಲ್ಲಿ ತಪ್ಪುಗಳನ್ನು ದಾಟಿ ಹೋಗುವ ಎಐ, ಬರೆದದ್ದನ್ನು ಕೊಟ್ಟಾಗ ಚೆನ್ನಾಗಿ ಹಿಡಿಯುತ್ತದೆ.

ಜೊತೆಗಾರರನ್ನು ಆರಿಸುವಾಗ ನಿಮಗಿಂತ ತುಂಬಾ ಮುಂದಿರುವವರನ್ನು ಹಿಡಿಯಬೇಡಿ, ಅವರಿಗೆ ಬೇಗ ಬೇಸರವಾಗುತ್ತದೆ. ಹತ್ತು ಜನರ ಗುಂಪೂ ಬೇಡ. ಅಲ್ಲಿ ಎರಡನೇ ವಾರಕ್ಕೆ ಗುಡ್ ಮಾರ್ನಿಂಗ್ ಚಿತ್ರಗಳಷ್ಟೇ ಉಳಿಯುತ್ತವೆ.

ಭಾಷಾ ವಿನಿಮಯ

ಟ್ಯಾಂಡಮ್, ಹೆಲೋಟಾಕ್ ಆಪ್‌ಗಳಲ್ಲಿ ನೀವು ಅವರಿಗೆ ನಿಮ್ಮ ಭಾಷೆ ಕಲಿಸುತ್ತೀರಿ, ಅವರು ನಿಮಗೆ ಜರ್ಮನ್. ಕೇಳಲು ಚೆನ್ನಾಗಿದೆ. ಆದರೆ ಕನ್ನಡ ಕಲಿಯಬೇಕೆನ್ನುವ ಜರ್ಮನ್ನರು ಕಡಿಮೆ. ಜರ್ಮನಿಯ ವ್ಯುರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ್ದಾರೆ, ಅಲ್ಲಿ ಕಲಿತವರು ಸಿಕ್ಕರೆ ನಿಮ್ಮ ಪುಣ್ಯ. ಇಂಗ್ಲಿಷ್ ಕೊಡುತ್ತೇವೆ ಎಂದರೆ ಬಹಳಷ್ಟು ಜರ್ಮನ್ನರಿಗೆ ಅದು ಆಗಲೇ ಗೊತ್ತು, ಮಾತು ಬೇಗ ಇಂಗ್ಲಿಷಿಗೆ ಜಾರುತ್ತದೆ. ಸಮಯವನ್ನೂ ನೋಡಿ: ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನಮ್ಮ ರಾತ್ರಿ ಒಂಬತ್ತೂವರೆ ಅವರಿಗೆ ಸಂಜೆ ಆರು ಅಥವಾ ಐದು. ಹೆಣ್ಣುಮಕ್ಕಳು ಫೋನ್ ನಂಬರ್, ವಿಳಾಸ ಕೊಡದೆ ಆಪ್ ಒಳಗೇ ಮಾತಾಡಿ. ಭಾಷೆ ಬಿಟ್ಟು ಬೇರೆ ಮಾತಿಗೆ ಬಂದವರನ್ನು ಎರಡು ಯೋಚನೆ ಮಾಡದೆ ಬ್ಲಾಕ್ ಮಾಡಿ. ಎ2 ಮುಗಿದು, ಸಮಯ ಧಾರಾಳವಾಗಿ ಇರುವವರಿಗೆ ಇದು ಸರಿ. ಪರೀಕ್ಷೆ ಎರಡು ತಿಂಗಳಲ್ಲಿದೆ ಅನ್ನುವವರು ಇದಕ್ಕೆ ಕೈ ಹಾಕಬೇಡಿ.

ನಿಮಗೊಬ್ಬರಿಗೇ ಟ್ಯೂಟರ್

ಇಟಾಕಿ, ಪ್ರೆಪ್ಲಿಯಂಥ ತಾಣಗಳಲ್ಲಿ ಶಿಕ್ಷಕರು ತಮ್ಮ ದರ ತಾವೇ ಇಡುತ್ತಾರೆ. ಜರ್ಮನಿಯಲ್ಲಿರುವವರ ದರ ಸಾಮಾನ್ಯವಾಗಿ ಜಾಸ್ತಿ. ನಮ್ಮಲ್ಲೇ ಸಿ1 ಮುಗಿಸಿ ಆನ್‌ಲೈನ್ ಕಲಿಸುವವರೂ ಇದ್ದಾರೆ, ಅದೇ ಹಣಕ್ಕೆ ಹೆಚ್ಚು ತಾಸು ಸಿಗುತ್ತದೆ. ಶುರುವಿನಲ್ಲಿ ನಮ್ಮವರೇ ವಾಸಿ, ನಾವು ಎಲ್ಲಿ ತಪ್ಪುತ್ತೇವೆ ಎಂದು ಅವರಿಗೆ ಗೊತ್ತಿರುತ್ತದೆ. ಬಿ2 ಹತ್ತಿರ ಬಂದಾಗ ಅಲ್ಲಿಯವರ ಕಿವಿ, ಬಾಯಿ ಬೇಕು.

ತಪ್ಪು ಹಿಡಿಯುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಟ್ಯೂಟರ್ ಸಮಯವನ್ನು ಹೊಸ ಪಾಠ ಹೇಳಿಸಿಕೊಳ್ಳಲು ಖರ್ಚು ಮಾಡಬೇಡಿ. ಅದಕ್ಕೆ ಕ್ಲಾಸು ಇದೆ, ಉಚಿತ ಕೋರ್ಸು ಇದೆ. ಮೊದಲ ದಿನವೇ ಹೇಳಿ: 'ಅರ್ಧ ತಾಸು ನಾನೇ ಮಾತಾಡಬೇಕು, ನೀವು ತಪ್ಪು ಬರೆದುಕೊಂಡು ಕೊನೆಗೆ ಹೇಳಿ.' ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಆ ತಪ್ಪುಗಳೇ ಮುಂದಿನ ವಾರದ ಆಂಕಿ ಕಾರ್ಡುಗಳು. ಹಣ ಸಾಲದಿದ್ದರೆ ಸಹಪಾಠಿಯ ಜೊತೆ ಸೇರಿ ಒಬ್ಬ ಟ್ಯೂಟರ್‌ನ ಹಿಡಿಯಿರಿ, ಹದಿನೈದು ದಿನಕ್ಕೊಮ್ಮೆ ಸಾಕು.

ನಿಮಗೆ ಯಾವುದು?

ಗಂಡನ ಜೊತೆ ಹೋಗಲು ಎ1 ಬೇಕಾದ ಗೃಹಿಣಿ, ಮನೆಯಲ್ಲಿ ಚಿಕ್ಕ ಮಗು, ಹೆಚ್ಚು ಖರ್ಚು ಮಾಡಲಾಗದು: ನಿಕೋಸ್ ವೇಗ್ ಮತ್ತು ಫೋನಿನ ಮೈಕು. ಎ1 ಮಾತಿನ ಭಾಗದಲ್ಲಿ ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ ಹೇಳಬೇಕು, ಹೆಸರಿನ ಅಕ್ಷರ ಬಿಡಿಬಿಡಿಯಾಗಿ ಹೇಳಬೇಕು, ಕಾರ್ಡು ನೋಡಿ ಪ್ರಶ್ನೆ ಕೇಳಬೇಕು, ಏನಾದರೂ ಕೊಡಿ ಎಂದು ವಿನಂತಿಸಬೇಕು. ಇಷ್ಟನ್ನು ಮಗು ಮಲಗಿದಾಗ ಹೇಳಿ ಹೇಳಿ ಬಾಯಿಪಾಠದಂತೆ ಮಾಡಿಕೊಳ್ಳಬಹುದು. ಗಂಡ ಅಲ್ಲಿ ಜರ್ಮನ್ ಕಲಿತಿದ್ದರೆ ದಿನದ ಕರೆಯಲ್ಲಿ ಐದು ನಿಮಿಷ ಜರ್ಮನ್ ಮಾತ್ರ ಎಂದು ಇಟ್ಟುಕೊಳ್ಳಿ. ಟ್ಯೂಟರ್ ಅಗತ್ಯ ಇಲ್ಲ.

ಪಾಳಿಯಲ್ಲಿ ದುಡಿಯುವ ನರ್ಸ್, ಗುರಿ ಬಿ2: ಧ್ವನಿ ಸಂದೇಶದ ಜೊತೆಗಾರ್ತಿ ಮುಖ್ಯ. ಆಸ್ಪತ್ರೆಯ ವಾಕ್ಯಗಳ ಆಂಕಿ ಅದಕ್ಕೆ ಪೂರಕ. ಬಿ1 ದಾಟಿದ ಮೇಲೆ ತಿಂಗಳಿಗೆ ಒಂದಷ್ಟು ಹಣ ಟ್ಯೂಟರ್‌ಗೆ ತೆಗೆದಿಡಿ, ಯಾಕೆಂದರೆ ಬಿ2ರಲ್ಲಿ ವಿಷಯ ಮಂಡಿಸಿ ವಾದ ಮಾಡಬೇಕು. ಅಲ್ಲಿ ತಿದ್ದುವವರಿಲ್ಲದೆ ಮುಂದೆ ಹೋಗುವುದು ಕಷ್ಟ. ಜರ್ಮನಿಗೆ ಕಳಿಸುವ ಏಜೆನ್ಸಿಯವರು ಕೋರ್ಸು ಕೊಟ್ಟಿದ್ದರೂ ಇದನ್ನು ಬಿಡಬೇಡಿ.

ಇಂಗ್ಲಿಷಿನಲ್ಲೇ ಎಂ.ಎಸ್. ಓದುವ ವಿದ್ಯಾರ್ಥಿಗೆ ಪರೀಕ್ಷೆಯ ಒತ್ತಡ ಕಡಿಮೆ, ಆದರೆ ಮನೆ ಹುಡುಕಲು, ಅರೆಕಾಲಿಕ ಕೆಲಸಕ್ಕೆ, ಆಮೇಲೆ ನೌಕರಿಗೆ ಮಾತು ಬೇಕು. ಎಐ ಜೊತೆ ಮನೆ ಮಾಲೀಕರ, ಅಂಗಡಿಯವರ ಪಾತ್ರ ಕೊಟ್ಟು ಮಾತಾಡಿ, ಈಸಿ ಜರ್ಮನ್ ತುಣುಕುಗಳ ಬೆನ್ನಿಗೆ ಹೇಳಿ. ವಿನಿಮಯದ ಜೊತೆಗಾರರು ನಿಮಗೆ ಹೊಂದುತ್ತಾರೆ, ಮುಂದೆ ಆ ಊರಿನಲ್ಲಿ ಪರಿಚಯವೂ ಆಗುತ್ತದೆ.

ಇಂಟರ್‌ನೆಟ್ ಸರಿಯಿಲ್ಲದ ಊರಿನವರು ವೈಫೈ ಸಿಕ್ಕಾಗ ಪಾಡ್‌ಕಾಸ್ಟ್ ಇಳಿಸಿಕೊಳ್ಳಿ. ಆಂಕಿ ಮತ್ತು ರೆಕಾರ್ಡರ್ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ. ಎಐ ಧ್ವನಿ ಮಾತುಕತೆ ನಿಮಗೆ ಕಿರಿಕಿರಿಯಾಗುತ್ತದೆ, ನಡುನಡುವೆ ಕಡಿದುಹೋಗುತ್ತದೆ.

ಯಾರೇ ಆಗಲಿ, ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಮಾತಿಗೆ ಒಂದು, ಅದಕ್ಕೆ ಸಾಮಾನು ಒದಗಿಸಲು ಒಂದು. ಶುರು ಮಾಡುವ ದಿನ 'ನನ್ನ ಒಂದು ದಿನ' ಎಂಬ ವಿಷಯದ ಮೇಲೆ ಒಂದು ನಿಮಿಷ ಜರ್ಮನ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿಡಿ. ಮೂರು ವಾರದ ನಂತರ ಅದೇ ವಿಷಯದ ಮೇಲೆ, ಹಳೆಯದನ್ನು ಕೇಳದೆ, ಮತ್ತೆ ಮಾತಾಡಿ. ಎರಡನ್ನೂ ಕೇಳಿಸಿಕೊಂಡು ವಾಕ್ಯಗಳನ್ನು ಎಣಿಸಿ, ತಡವರಿಸಿ ನಿಂತ ಜಾಗಗಳನ್ನು ಎಣಿಸಿ. ವಾಕ್ಯ ಹೆಚ್ಚಾಗಿದ್ದರೆ ಅದೇ ದಾರಿಯಲ್ಲಿ ಹೋಗಿ. ವಾಕ್ಯ ಹೆಚ್ಚಾಗಿಲ್ಲ, ಪದಗಳೇ ಸಿಗುತ್ತಿಲ್ಲ ಅಂದರೆ ಆಂಕಿ ಹೆಚ್ಚಿಸಿ. ಪದ ಗೊತ್ತಿದ್ದೂ ಬಾಯಿ ಓಡುತ್ತಿಲ್ಲ ಅಂದರೆ ಆಟದ ಆಪ್ ತೆಗೆದು ಆ ಹೊತ್ತನ್ನು ಧ್ವನಿ ಸಂದೇಶಕ್ಕೆ ಕೊಡಿ. ಸರಾಗವಾಗಿ ಮಾತಾಡುತ್ತೀರಿ, ಆದರೆ ಅದೇ ತಪ್ಪುಗಳು ಉಳಿದಿವೆ ಅಂದರೆ ಈಗ ಟ್ಯೂಟರ್‌ಗೆ ಹಣ ಕೊಡುವ ಹೊತ್ತು.